ಎರಡನೆಯ ಹೊಡೆತ: ಪುಣೆಯ ಪ್ರೆಸ್ ಶೆಡ್ಡೊಂದರಲ್ಲಿ ಬೆರಳು ಕಳೆದುಕೊಂಡ ಪ್ರಕರಣ

ಇಲ್ಲಿ ಬರುವ ಕಾರ್ಖಾನೆ, ಆಸ್ಪತ್ರೆ ಮತ್ತು ವ್ಯಕ್ತಿಗಳ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಗಾಯಗೊಂಡವರನ್ನು ಬಸವರಾಜ ಎಂದು ಕರೆದಿದ್ದೇನೆ, ಅದು ಅವರ ಹೆಸರಲ್ಲ. ಅಪಘಾತವಾದ ಐದನೆಯ ದಿನ ಸುರಕ್ಷತಾ ಸಲಹೆಗಾರನಾಗಿ ನನ್ನನ್ನು ಮಾಲೀಕರೇ ಕರೆಸಿದರು. ಆದ್ದರಿಂದ ಮೊದಲ ನಾಲ್ಕು ದಿನಗಳಲ್ಲಿ ನಡೆದದ್ದೆಲ್ಲ ನಾನು ಕೇಳಿ ತಿಳಿದದ್ದು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತಾಳೆ ನೋಡಿ, ಹೊಂದಿದ್ದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ಪುಣೆಯ ಭೋಸರಿ, ಚಿಂಚವಾಡ, ಚಾಕಣ ಭಾಗಗಳಲ್ಲಿ ವಾಹನ ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಶೆಡ್ಡುಗಳು ಸಾಲುಸಾಲಾಗಿವೆ. ದೊಡ್ಡ ಕಂಪನಿಗೆ ನೇರವಾಗಿ ಮಾಲು ಕೊಡುವವರು ಒಂದು ಹಂತದವರು, ಅವರಿಗೆ ಕೊಡುವವರು ಇನ್ನೊಂದು ಹಂತದವರು. ನಾನು ಹೇಳುತ್ತಿರುವ ಶೆಡ್ಡು ಮೂರನೆಯ ಹಂತದ್ದು. ಅಲ್ಲಿ ತಗಡನ್ನು ಹೊಡೆದು ಆಕಾರ ಕೊಡುವ ಐದು ಪವರ್ ಪ್ರೆಸ್‌ಗಳಿದ್ದವು, ಎರಡು ಪಾಳಿ ಸೇರಿ ಹದಿನೆಂಟು ಜನ ದುಡಿಯುತ್ತಿದ್ದರು. ಅವರಲ್ಲಿ ಹದಿನಾಲ್ಕು ಜನ ಠೇಕೇದಾರರ (ಗುತ್ತಿಗೆದಾರರ) ಕಡೆಯವರು, ಅದರಲ್ಲೂ ಹೆಚ್ಚಿನವರು ವಿಜಯಪುರ ಮತ್ತು ಕಲಬುರಗಿ ಕಡೆಯಿಂದ ಬಂದ ಕನ್ನಡಿಗರು. ಠೇಕೇದಾರರ ಪರವಾಗಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮನೂ ಅದೇ ಸೀಮೆಯವನು. ಸೂಪರ್‌ವೈಸರ್ ಮರಾಠಿಯವರು. ಗೋಡೆಯ ಮೇಲಿನ ಸೂಚನಾ ಫಲಕಗಳು ಮರಾಠಿ ಮತ್ತು ಇಂಗ್ಲಿಷಿನಲ್ಲಿದ್ದವು, ಮಾತುಕತೆ ಹಿಂದಿಯಲ್ಲಿ ನಡೆಯುತ್ತಿತ್ತು, ಪಾಳಿ ಮುಗಿಸಿ ಖೋಲಿಗೆ ಹೋದ ಮೇಲೆ ಕನ್ನಡ.

ಬಸವರಾಜ ಅವರಿಗೆ ಇಪ್ಪತ್ಮೂರು ವರ್ಷ. ಪುಣೆಗೆ ಬಂದು ಎರಡು ವರ್ಷವಾಗಿತ್ತು, ಈ ಶೆಡ್ಡಿಗೆ ಬಂದು ಒಂಬತ್ತು ವಾರ. ಎಂಟು ವಾರ ಹೆಲ್ಪರ್ ಆಗಿ ಮಾಲು ಎತ್ತಿಕೊಟ್ಟಿದ್ದರು. ಜನವರಿಯಲ್ಲಿ ಹಳೆಯ ಆಪರೇಟರ್ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಹೋದಾಗ ಮೂರನೆಯ ನಂಬರಿನ ಪ್ರೆಸ್ಸಿಗೆ ಇವರನ್ನು ನಿಲ್ಲಿಸಿದರು. ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿದ್ದೇ ತರಬೇತಿ. ಹೆಲ್ಪರ್ ಆಪರೇಟರ್ ಆದರೆ ದಿನಗೂಲಿ ಸ್ವಲ್ಪ ಏರುತ್ತದೆ, ಆದ್ದರಿಂದ ಅವರೂ ಬೇಡವೆನ್ನಲಿಲ್ಲ.

ಆ ಪ್ರೆಸ್ಸಿನ ಬಗೆ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದು 30 ಟನ್ ಬಲದಿಂದ ಒತ್ತುವ, ಮುಂದೆ ತೆರೆದ ಚೌಕಟ್ಟಿನ ಮೆಕ್ಯಾನಿಕಲ್ ಪ್ರೆಸ್. ಮೋಟಾರು ಒಂದು ಭಾರಿ ಚಕ್ರವನ್ನು, ಅಂದರೆ ಫ್ಲೈವ್ಹೀಲನ್ನು, ಸದಾ ತಿರುಗಿಸುತ್ತಿರುತ್ತದೆ. ಕಾಲಿನಿಂದ ಪೆಡಲ್ ಒತ್ತಿದರೆ ಕ್ಲಚ್ಚಿನೊಳಗಿನ ಉಕ್ಕಿನ ಕೀ ತಿರುಗಿ ಫ್ಲೈವ್ಹೀಲನ್ನೂ ರ್ಯಾಮನ್ನು ಏರಿಳಿಸುವ ಕ್ರ್ಯಾಂಕ್ ಶಾಫ್ಟನ್ನೂ ಬೆಸೆಯುತ್ತದೆ, ರ್ಯಾಮ್ (ಮೇಲಿನ ಭಾರಿ ಉಕ್ಕಿನ ಭಾಗ) ಕೆಳಗಿಳಿದು ಡೈ (ಕೆಳಗಿನ ಅಚ್ಚು) ಮೇಲೆ ಹೊಡೆದು ಮೇಲೇರುತ್ತದೆ. ಮೇಲೆ ಮುಟ್ಟಿದೊಡನೆ ಕೀ ಕಳಚಿಕೊಳ್ಳಬೇಕು, ಬ್ರೇಕ್ ಶಾಫ್ಟನ್ನು ಹಿಡಿದು ನಿಲ್ಲಿಸಬೇಕು. ಕೀ ಒಮ್ಮೆ ಕೂಡಿಕೊಂಡಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯುವವರೆಗೆ ರ್ಯಾಮನ್ನು ಯಾವ ಸ್ವಿಚ್ಚೂ ನಿಲ್ಲಿಸಲಾರದು. ಈ ಯಂತ್ರ ನಿಮಿಷಕ್ಕೆ ಅರವತ್ತು ಸುತ್ತಿನದು, ಅಂದರೆ ಮೇಲಿದ್ದ ರ್ಯಾಮ್ ಡೈಗೆ ಬಂದು ತಾಗಲು ಅರ್ಧ ಸೆಕೆಂಡು ಸಾಕು.

ಡಿಸೆಂಬರಿನಲ್ಲಿ ಹೊಸ ಕೆಲಸವೊಂದು ಬಂತು, ದ್ವಿಚಕ್ರ ವಾಹನದ ಒಂದು ಸಣ್ಣ ಬ್ರಾಕೆಟ್. ಅದರ ಡೈ ಹಳೆಯದಕ್ಕಿಂತ ಎತ್ತರವಾಗಿತ್ತು. ಡೈಯ ಸುತ್ತ ಬೋಲ್ಟ್ ಮಾಡಿದ್ದ ಜಾಳಿಯ ಗಾರ್ಡ್ ಅದಕ್ಕೆ ಕೂಡಲಿಲ್ಲ. ಡೈ ಕೂಡಿಸುವವನು ಗಾರ್ಡ್ ಬಿಚ್ಚಿ ಕಪಾಟಿನ ಹಿಂದೆ ಇಟ್ಟ. ಮೊದಲ ಮಾಲು ಸರಿಯಾಗಿ ಬಂದ ಮೇಲೆ ಗಾರ್ಡ್ ಮಾಡಿಸಿದರಾಯಿತು ಎಂದು ಸೂಪರ್‌ವೈಸರ್ ಅಂದುಕೊಂಡರು. ಮಾಲು ಸರಿಯಾಗಿಯೇ ಬಂತು, ಆರ್ಡರೂ ಹೆಚ್ಚಿತು, ಐದು ವಾರ ಹಾಗೆಯೇ ಸರಿಯಿತು. ಅಳತೆ ತೆಗೆದಾಗ ಹಳೆಯ ಗಾರ್ಡ್ ಹೊಸ ಡೈಗೆ 22 ಮಿಲಿಮೀಟರ್ ಕಡಿಮೆ ಬೀಳುತ್ತಿತ್ತು. ಅರ್ಧ ದಿನದ ವೆಲ್ಡಿಂಗ್ ಕೆಲಸ.

ಗಾರ್ಡ್ ಇಲ್ಲದ ಮೇಲೆ ಕೆಲಸ ನಡೆಯುತ್ತಿದ್ದದ್ದು ಹೀಗೆ: ಬಲಗೈಯಿಂದ ತಗಡಿನ ತುಂಡನ್ನು ಡೈ ಮೇಲೆ ಇಡುವುದು, ಕೈ ಹಿಂದೆ ತೆಗೆಯುವುದು, ಪೆಡಲ್ ಒತ್ತುವುದು, ಆದ ಮಾಲನ್ನು ಅದೇ ಕೈಯಿಂದ ತೆಗೆಯುವುದು. ಪಾಳಿಗೆ 4,000 ಮಾಲು ಆಗಬೇಕಿತ್ತು. ಹಾಗೆಂದರೆ ಒಂದೇ ಪಾಳಿಯಲ್ಲಿ ಬೆರಳುಗಳು 8,000 ಸಲ ರ್ಯಾಮಿನ ಕೆಳಗೆ ಹೋಗಿ ಬರುತ್ತಿದ್ದವು.

ಮಂಗಳವಾರ ಸಂಜೆ, ಬುಧವಾರ ರಾತ್ರಿ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಪಘಾತದ ಕ್ಷಣಕ್ಕಿಂತ ಅದರ ಹಿಂದಿನ ದಿನದ ಒಂದು ಸಣ್ಣ ಸಂಭಾಷಣೆ. ಮಂಗಳವಾರ ಸಂಜೆ ಐದೂವರೆಯ ಸುಮಾರಿಗೆ ಪ್ರೆಸ್ ಒಮ್ಮೆ ಪೆಡಲ್ ಒತ್ತಿದ್ದಕ್ಕೆ ಎರಡು ಸಲ ಹೊಡೆಯಿತು. ಬಸವರಾಜ ಆ ಹೊತ್ತಿಗೆ ತಗಡಿನ ತುಂಡು ತೆಗೆದುಕೊಳ್ಳಲು ಪಕ್ಕಕ್ಕೆ ಬಾಗಿದ್ದರಿಂದ ಏನೂ ಆಗಲಿಲ್ಲ. ಅವರು ಕೂಡಲೇ ಮುಕಾದಮನಿಗೆ ಹೇಳಿದರು. ಇಬ್ಬರೂ ನನ್ನ ಮುಂದೆ ಬೇರೆಬೇರೆಯಾಗಿ ನೆನಪಿಸಿಕೊಂಡ ಮಾತು ಬಹುಮಟ್ಟಿಗೆ ಒಂದೇ ಆಗಿತ್ತು.

“ಅಣ್ಣಾ, ಮಷಿನ್ ತನ್ನಷ್ಟಕ್ಕ ತಾನ ಎರಡ್ ಸಲ ಬಡೀತು.”

“ಪೆಡಲ್ ಮ್ಯಾಲಿಂದ ಕಾಲ ತಗದಿರಂಗಿಲ್ಲ ನೀ, ಅದಕ್ಕ ಹಂಗಾಗೇತಿ. ಲಕ್ಷ್ಯ ಕೊಟ್ಟ ಮಾಡು.”

ಮುಕಾದಮನ ಉತ್ತರ ಬೇಜವಾಬ್ದಾರಿಯದೆಂದು ತಳ್ಳಿಹಾಕುವುದು ಸುಲಭ. ಆದರೆ ಇಂಥ ಪ್ರೆಸ್ಸಿನಲ್ಲಿ ಪೆಡಲಿನ ಮೇಲೆ ಕಾಲು ಉಳಿದರೆ ಎರಡನೆಯ ಹೊಡೆತ ಬೀಳುವುದುಂಟು, ಹೊಸಬರು ಹಾಗೆ ಮಾಡುವುದೂ ಉಂಟು. ಅವನು ಹೇಳಿದ್ದು ಆಗಬಹುದಾದ ಒಂದು ಕಾರಣ. ಅದೇ ಕಾರಣವೆಂದು ನೋಡದೆ ತೀರ್ಮಾನಿಸಿದ್ದರಲ್ಲಿ ತಪ್ಪಿತ್ತು. ಕೀಯ ಸ್ಪ್ರಿಂಗ್ ಮುರಿದಿದ್ದರೆ, ಕೀಯನ್ನು ತಡೆಯುವ ಕೊಕ್ಕೆಯ ಮುಖ ಸವೆದಿದ್ದರೆ, ಬ್ರೇಕ್ ಸಡಿಲವಾಗಿದ್ದರೆ ಕೂಡ ಅದೇ ಎರಡನೆಯ ಹೊಡೆತ ಬೀಳುತ್ತದೆ. ಹೊರಗಿನಿಂದ ನೋಡುವವನಿಗೆ ಈ ಕಾರಣಗಳಲ್ಲಿ ಯಾವುದು ಎಂದು ತಿಳಿಯುವುದಿಲ್ಲ, ಯಂತ್ರ ನಿಲ್ಲಿಸಿ ಕ್ಲಚ್ ಬಿಚ್ಚಿಯೇ ನೋಡಬೇಕು.

ಆ ರಾತ್ರಿ ಮುಕಾದಮ ಸೂಪರ್‌ವೈಸರಿಗೆ ಹಿಂದಿಯಲ್ಲಿ ತಿಳಿಸಿದ್ದು, ಹೊಸ ಹುಡುಗ ಪೆಡಲಿನಿಂದ ಕಾಲು ತೆಗೆಯುವುದಿಲ್ಲ ಎಂದಷ್ಟೇ. ಕನ್ನಡದಲ್ಲಿ ಯಂತ್ರದ ದೂರಾಗಿ ಹೊರಟ ಮಾತು ಹಿಂದಿಗೆ ಬರುವಷ್ಟರಲ್ಲಿ ಮನುಷ್ಯನ ಮೇಲಿನ ದೂರಾಗಿತ್ತು. ಸೂಪರ್‌ವೈಸರಿಗೆ ಯಂತ್ರ ಎರಡು ಸಲ ಹೊಡೆದದ್ದು ಗೊತ್ತೇ ಆಗಲಿಲ್ಲ. ಮೇಂಟೆನನ್ಸ್ ಪುಸ್ತಕದ ಆ ದಿನದ ಪುಟ ಖಾಲಿ.

ಬಸವರಾಜ ಅವರೇಕೆ ಇನ್ನೊಮ್ಮೆ ಹೇಳಲಿಲ್ಲ ಎಂದು ಮಾಲೀಕರು ನನ್ನನ್ನು ಕೇಳಿದರು. ಹತ್ತು ದಿನದ ಆಪರೇಟರ್, ತಪ್ಪು ತನ್ನ ಕಾಲಿನದೆಂದು ಹಿರಿಯನೊಬ್ಬ ಹೇಳಿದ ಮೇಲೆ, ಅದನ್ನು ಮತ್ತೆ ಎತ್ತಿ ಇದ್ದ ಬಡ್ತಿ ಕಳೆದುಕೊಳ್ಳುವನೇ ಎಂದು ನಾನು ಮರುಪ್ರಶ್ನೆ ಹಾಕಿದೆ.

ಬುಧವಾರ ಎರಡನೆಯ ಪಾಳಿ. ಗುರುವಾರ ವಾರದ ರಜೆಯಾದ್ದರಿಂದ ಮಾಲು ಆ ರಾತ್ರಿಯೇ ಹೊರಡಬೇಕಿತ್ತು. ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಒಂದು ಬ್ರಾಕೆಟ್ ಡೈಗೆ ಅಂಟಿಕೊಂಡಿತು. ಅದನ್ನು ಬಿಡಿಸಲು ಬಲಗೈಯ ಬೆರಳು ಒಳಗೆ ಹೋದಾಗ, ಮೇಲೇರಿದ್ದ ರ್ಯಾಮ್ ನಿಲ್ಲದೆ ಮತ್ತೆ ಇಳಿಯಿತು. ತೋರುಬೆರಳಿನ ಎರಡು ಗೆಣ್ಣು, ನಡುಬೆರಳಿನ ಒಂದು ಗೆಣ್ಣು ತುಂಡಾದವು. ಮಂಗಳವಾರದ ಮಾತಿನಿಂದ ಇಲ್ಲಿಗೆ ಸುಮಾರು 28 ಗಂಟೆ.

ಆಸ್ಪತ್ರೆಯ ದಾರಿ

ಜೊತೆಯವರು ತಕ್ಷಣ ಮಾಡಿದ್ದರಲ್ಲಿ ಸರಿಯಾದದ್ದೂ ಇತ್ತು, ತಪ್ಪಿದ್ದೂ ಇತ್ತು. ಒಬ್ಬರು ಒಗೆದ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿಸಿದರು. ಬೆರಳಿನ ರಕ್ತ ನಿಲ್ಲಿಸಲು ಬಹುಪಾಲು ಇಷ್ಟೇ ಬೇಕು. ಬುಡಕ್ಕೆ ದಾರ ಬಿಗಿಯುವುದು, ಅರಿಶಿನ ಅಥವಾ ಕಾಫಿಪುಡಿ ಮೆತ್ತುವುದು ಬೇಡ, ಅವರು ಹಾಗೆ ಮಾಡಲೂ ಇಲ್ಲ. ಇನ್ನೊಬ್ಬರು ತುಂಡುಗಳನ್ನು ಹುಡುಕಿ, ಓಡಿಹೋಗಿ ಕಬ್ಬಿನ ಹಾಲಿನ ಅಂಗಡಿಯಿಂದ ಬರ್ಫ (ಮಂಜುಗಡ್ಡೆ) ತಂದು, ಸ್ಟೀಲ್ ಡಬ್ಬಿಯಲ್ಲಿ ಬರ್ಫದ ಮೇಲೆಯೇ ಇಟ್ಟರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ಆದರೂ ಬರ್ಫ ನೇರವಾಗಿ ತಾಗಿದರೆ ಚರ್ಮವೂ ಸಣ್ಣ ರಕ್ತನಾಳಗಳೂ ಹೆಪ್ಪುಗಟ್ಟಿ ಕೆಡುತ್ತವೆ. ತುಂಡನ್ನು ಸಲೈನಿನಲ್ಲಿ, ಅದಿಲ್ಲದಿದ್ದರೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫ ಬೆರೆಸಿದ ನೀರಿನಲ್ಲಿ ಇಡಬೇಕು. ಹೀಗೆ ತಣ್ಣಗಿಟ್ಟ ಬೆರಳನ್ನು, ಅದರಲ್ಲಿ ಸ್ನಾಯುವಿನ ಭಾಗ ಇಲ್ಲದಿರುವುದರಿಂದ, ಹನ್ನೆರಡು ಗಂಟೆ ಕಳೆದ ಮೇಲೂ ಜೋಡಿಸಲು ಸಾಧ್ಯವಾಗಬಹುದು. 1965ರಲ್ಲಿ ಜಪಾನಿನಲ್ಲಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮೊದಲ ಬಾರಿಗೆ ಜೋಡಿಸಿದಂದಿನಿಂದ ಈ ಶಸ್ತ್ರಚಿಕಿತ್ಸೆ ಬಹಳ ಮುಂದೆ ಬಂದಿದೆ.

ಠೇಕೇದಾರರ ಕಡೆಯವರು ಮೊದಲು ಕರೆದೊಯ್ದದ್ದು ಪರಿಚಯದ ಒಂದು ನರ್ಸಿಂಗ್ ಹೋಮಿಗೆ. ಅಲ್ಲಿ ಬೆರಳು ಜೋಡಿಸುವ ಸೌಲಭ್ಯ ಇರಲಿಲ್ಲ. ಪಟ್ಟಿ ಕಟ್ಟಿ, ಟೆಟನಸ್ ಚುಚ್ಚುಮದ್ದು ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಎರಡನೆಯ ಆಸ್ಪತ್ರೆಯ ಶಸ್ತ್ರವೈದ್ಯರು ತುಂಡುಗಳನ್ನೂ ಎಕ್ಸ್‌ರೇ ಮಾಡಿಸಿ ನೋಡಿ ಜೋಡಣೆ ಆಗದೆಂದು ಹೇಳಿದರು, ಗಾಯವನ್ನು ಒಪ್ಪ ಮಾಡಿ ಮುಚ್ಚಿದರು.

ಇಲ್ಲಿ ಒಂದು ಮಾತು. ಬರ್ಫದಿಂದಲೇ ಬೆರಳು ಹೋಯಿತು ಎಂಬ ಮಾತು ಶೆಡ್ಡಿನಲ್ಲಿ ಹಬ್ಬಿತ್ತು, ಬರ್ಫ ತಂದ ಹುಡುಗ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ವೈದ್ಯರ ಅಭಿಪ್ರಾಯ ಬೇರೆಯಾಗಿತ್ತು. ಹರಿತವಾದ ಬ್ಲೇಡಿನಿಂದ ತುಂಡಾದ ಬೆರಳಿಗೂ ಪಂಚ್ (ರ್ಯಾಮಿಗೆ ಕಟ್ಟಿದ ಮೇಲಿನ ಅಚ್ಚು) ಮತ್ತು ಡೈ ನಡುವೆ ಜಜ್ಜಿಹೋದ ಬೆರಳಿಗೂ ಅಜಗಜಾಂತರ. ತೋರುಬೆರಳಿನ ತುಂಡಿನಲ್ಲಿ ರಕ್ತನಾಳಗಳು ಉದ್ದಕ್ಕೂ ಅರೆದುಹೋಗಿದ್ದವು, ಅದನ್ನು ಎಷ್ಟು ಜೋಪಾನವಾಗಿ ತಂದಿದ್ದರೂ ಜೋಡಿಸಲಾಗುತ್ತಿರಲಿಲ್ಲ. ನಡುಬೆರಳಿನ ತುದಿಯ ಮಟ್ಟಿಗೆ ಬರ್ಫದ ಪಾಲು ಇದ್ದಿರಬಹುದು. ಆದರೆ ಆ ಮಟ್ಟದಲ್ಲಿ ನಾಳಗಳು ಒಂದು ಮಿಲಿಮೀಟರಿಗಿಂತ ಸಣ್ಣವಿರುವುದರಿಂದ ಅದೂ ಖಚಿತವಾಗಿ ಉಳಿಯುತ್ತಿತ್ತು ಎನ್ನುವಂತಿಲ್ಲ. ಇದನ್ನು ಆ ಹುಡುಗನಿಗೆ ಕೂರಿಸಿಕೊಂಡು ಹೇಳಿದ್ದು ನನ್ನ ವರದಿಯಲ್ಲಿ ಇಲ್ಲ, ಆದರೆ ಹೇಳಬೇಕಾಗಿತ್ತು.

ಪರಿಹಾರದ ಪ್ರಶ್ನೆ

ಗುರುವಾರ ಬೆಳಿಗ್ಗೆ ಠೇಕೇದಾರರು ಆಸ್ಪತ್ರೆಯ ಖರ್ಚು ತಾವೇ ನೋಡಿಕೊಂಡು ಮೇಲೆ ಒಂದಿಷ್ಟು ಹಣ ಕೊಡುವುದಾಗಿ, ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಗೊಡವೆ ಬೇಡವೆಂದು ಹೇಳಿದರು. ಕಾರಣ ಆಮೇಲೆ ತಿಳಿಯಿತು. ಒಂಬತ್ತು ವಾರದಿಂದ ದುಡಿಯುತ್ತಿದ್ದರೂ ಬಸವರಾಜ ಅವರ ಹೆಸರನ್ನು ಇಎಸ್ಐಗೆ ನೋಂದಾಯಿಸಿರಲಿಲ್ಲ. ಊರಿಂದ ಬಂದ ಸೋದರಮಾವ ಒಪ್ಪಲಿಲ್ಲ. ಅವರು ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. “ರೊಕ್ಕಾ ತಿಂಗಳದಾಗ ಖರ್ಚಾಕ್ಕೇತಿ, ಬಟ್ಟ ಹ್ವಾದದ್ದು ಜನ್ಮಪೂರ್ತಿ” ಎಂದು ಪಟ್ಟು ಹಿಡಿದರು. ಮುಂದಿನ ದಾರಿಯನ್ನೆಲ್ಲ ಬದಲಿಸಿದ್ದು ಈ ಪಟ್ಟು.

ಕಾನೂನು ಅವರ ಕಡೆಗಿತ್ತು. ಕೆಲಸದ ಗಾಯದ ವಿಷಯದಲ್ಲಿ ಇಎಸ್ಐ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಬರುತ್ತದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಅದಕ್ಕಿಲ್ಲ. ನೋಂದಣಿ ಮಾಡದಿದ್ದದ್ದು ಮಾಲೀಕರ ಕಡೆಯ ತಪ್ಪು. ಹಾಜರಿ ಪುಸ್ತಕದ ಪುಟಗಳ ಫೋಟೋವನ್ನು ಗೆಳೆಯರೊಬ್ಬರು ಆ ದಿನವೇ ತೆಗೆದಿಟ್ಟಿದ್ದರಿಂದ ಒಂಬತ್ತು ವಾರದ ದುಡಿಮೆಯನ್ನು ತೋರಿಸುವುದು ಕಷ್ಟವಾಗಲಿಲ್ಲ. ರಜೆಯಲ್ಲಿದ್ದಷ್ಟು ದಿನ ಸರಾಸರಿ ಕೂಲಿಯ ಶೇಕಡಾ 90ರ ದರದಲ್ಲಿ ತಾತ್ಕಾಲಿಕ ಅಂಗವೈಕಲ್ಯದ ಹಣ ಬಂತು. ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕಾಯಿತು.

ಕಾನೂನಿನ ಪಟ್ಟಿಯಲ್ಲಿ ಬೆರಳುಗಳಿಗೆ ಗೆಣ್ಣಿನ ಲೆಕ್ಕದಲ್ಲಿ ಬೆಲೆ ಕಟ್ಟಿದೆ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ತೋರುಬೆರಳಿನ ಎರಡು ಗೆಣ್ಣಿಗೆ 11, ನಡುಬೆರಳಿನ ಒಂದು ಗೆಣ್ಣಿಗೆ 7. ಬಸವರಾಜ ಅವರಿಗೆ ಒಟ್ಟು 18 ಬಂತು. ಸರಾಸರಿ ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಪೂರ್ತಿ ದರ (ಕೂಲಿಯ ಶೇಕಡಾ 90) 450, ಅದರ ಶೇಕಡಾ 18 ಎಂದರೆ ದಿನಕ್ಕೆ 81 ರೂಪಾಯಿ. ಚಿಕ್ಕ ಮೊತ್ತವೇ, ಆದರೆ ಬದುಕಿರುವವರೆಗೆ ಬರುತ್ತದೆ.

ಕ್ಲಚ್ ಬಿಚ್ಚಿದಾಗ

ಅಪಘಾತವಾದ ರಾತ್ರಿಯೇ, ಡೈ ತೊಳೆದು, ಅದೇ ಪ್ರೆಸ್ಸಿಗೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಿ ಉಳಿದ ಮಾಲು ಮುಗಿಸಿದ್ದರು ಎಂಬುದು ನನಗೆ ಎರಡನೆಯ ಭೇಟಿಯಲ್ಲಿ ತಿಳಿಯಿತು. ಕಾಲು ತೆಗೆಯದ್ದೇ ಕಾರಣವೆಂದು ನಂಬಿದವರಿಗೆ ಯಂತ್ರ ನಿಲ್ಲಿಸುವ ಅಗತ್ಯ ಕಾಣಲಿಲ್ಲ. ಆ ಎರಡನೆಯ ಹುಡುಗನ ಕೈ ಉಳಿದದ್ದು ಅದೃಷ್ಟ.

ಕ್ಲಚ್ ಬಿಚ್ಚಿಸಿದಾಗ ಕೀಯ ಸ್ಪ್ರಿಂಗ್ ಎರಡು ತುಂಡಾಗಿತ್ತು. ಒಂದು ತುಂಡಿನ ಮುರಿದ ಮುಖ ಹಳೆಯದಾಗಿ ಕಪ್ಪಾಗಿತ್ತು, ಅಂದರೆ ಬಿರುಕು ಬಿಟ್ಟು ಬಹಳ ದಿನವಾಗಿತ್ತು. ಕೊಕ್ಕೆಯ ಮುಖ ದುಂಡಗೆ ಸವೆದಿತ್ತು. ಬ್ರೇಕಿನ ಪಟ್ಟಿಗೆ ಎಣ್ಣೆ ಹತ್ತಿ ಅದು ಜಾರುತ್ತಿತ್ತು. ಮಾಲೀಕರು ಅಲ್ಲಿಯೇ ನಿಂತು ನೋಡಿದರು. ಅಲ್ಲಿಯವರೆಗೆ ಹುಡುಗನ ಅಜಾಗರೂಕತೆ ಎನ್ನುತ್ತಿದ್ದವರು ಆಮೇಲೆ ಆ ಪದ ಬಳಸಲಿಲ್ಲ.

ಅವರ ಮುಂದಿನ ನಿರ್ಧಾರ ಉತ್ಸಾಹದ್ದಾಗಿತ್ತು, ಆದರೆ ತಪ್ಪಾಗಿತ್ತು. ಪ್ರೆಸ್ಸಿನ ಮುಂದೆ ಬೆಳಕಿನ ಪರದೆ ಹಾಕಿಸುವುದಾಗಿ ಕೊಟೇಶನ್ ತರಿಸಿದರು. ಕೈ ಅಡ್ಡ ಬಂದೊಡನೆ ಯಂತ್ರವನ್ನು ನಿಲ್ಲಿಸುವ ಈ ಸಾಧನ ಒಳ್ಳೆಯದೇ. ಆದರೆ ನಡುವೆ ನಿಲ್ಲಲಾರದ ಕೀ ಕ್ಲಚ್ಚಿನ ಪ್ರೆಸ್ಸಿಗೆ ಅದು ಏನೂ ಮಾಡದು. ಬೆಳಕಿನ ಪರದೆ ನಿಲ್ಲು ಎನ್ನುತ್ತದೆ, ಕೀ ಕೇಳಿಸಿಕೊಳ್ಳುವುದಿಲ್ಲ. ಗಾಳಿಯ ಒತ್ತಡದ ಘರ್ಷಣೆ ಕ್ಲಚ್ ಇರುವ ಪ್ರೆಸ್ಸಾದರೆ ಯಾವ ಹಂತದಲ್ಲೂ ನಿಲ್ಲುತ್ತದೆ. ಆದರೆ ಅಲ್ಲಿಯೂ ಅಂತರದ ಲೆಕ್ಕ ಬೇಕು. ಕೈಯ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿದರೂ, ಪ್ರೆಸ್ ನಿಲ್ಲಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾದಷ್ಟರಲ್ಲಿ ಕೈ 16 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಎರಡೂ ಕೈಯಿಂದ ಗುಂಡಿ ಒತ್ತುವ ವ್ಯವಸ್ಥೆಯೂ ಮೊದಲ ಹೊಡೆತದಿಂದ ಕಾಪಾಡೀತು, ಸ್ಪ್ರಿಂಗ್ ಮುರಿದು ತಾನಾಗಿ ಬೀಳುವ ಎರಡನೆಯ ಹೊಡೆತದಿಂದ ಕಾಪಾಡದು. ಆ ಹೊತ್ತಿಗೆ ಎರಡೂ ಕೈ ಗುಂಡಿ ಬಿಟ್ಟು ಮಾಲು ತೆಗೆಯಲು ಹೊರಟಿರುತ್ತವೆ. ಈ ವಾದಕ್ಕೆ ನಮ್ಮಿಬ್ಬರ ನಡುವೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ದುಬಾರಿ ಸಾಧನ ತಂದರೆ ತಪ್ಪಿಗೆ ಪ್ರಾಯಶ್ಚಿತ್ತವಾಯಿತೆಂಬ ಸಮಾಧಾನ ಸಿಗುತ್ತದೆ, ಅದನ್ನು ಬಿಡಿಸುವುದು ಕಷ್ಟ.

ಕೊನೆಗೆ ಮಾಡಿದ್ದು ಅಗ್ಗದ ಕೆಲಸ. ಡೈಯ ಸುತ್ತ ಹೊಸ ಜಾಳಿ ಕೂಡಿಸಲಾಯಿತು. ತಗಡು ಜಾರಿ ಒಳಹೋಗುವ ಸಂದು 6 ಮಿಲಿಮೀಟರ್ ಮೀರದಂತೆ, ಅದು ಡೈಯಿಂದ ಸಾಕಷ್ಟು ದೂರವಿರುವಂತೆ ನೋಡಿಕೊಂಡೆವು, ಬೆರಳಿಗೆ ಅಲ್ಲಿ ದಾರಿಯೇ ಇಲ್ಲ. ತಗಡಿನ ತುಂಡು ಇಳಿಜಾರು ಹಳಿಯಿಂದ ಒಳಗೆ ಜಾರುತ್ತದೆ, ಆದ ಮಾಲನ್ನು ಗಾಳಿಯ ಊದು ಹಿಂಬದಿಗೆ ತಳ್ಳುತ್ತದೆ. ಅಂಟಿಕೊಂಡರೆ ಮೋಟಾರು ಆರಿಸಿ, ಫ್ಲೈವ್ಹೀಲ್ ಪೂರ್ತಿ ನಿಂತ ಮೇಲೆ ಜಾಳಿ ತೆಗೆಯಬೇಕು. ಫ್ಲೈವ್ಹೀಲ್ ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ತಿರುಗುತ್ತಿರುತ್ತದೆ, ಅಷ್ಟು ಹೊತ್ತು ಕೀ ಕೂಡಿಕೊಂಡು ರ್ಯಾಮ್ ಇಳಿಯಬಲ್ಲದು ಎಂಬುದು ಅಲ್ಲಿನ ಹಳೆಯ ಆಪರೇಟರುಗಳಲ್ಲೂ ಹಲವರಿಗೆ ಹೊಸ ಸುದ್ದಿಯಾಗಿತ್ತು. ಅಪಾಯದ ಭಾಗಕ್ಕೆ ಗಟ್ಟಿಯಾದ ಬೇಲಿ ಇರಬೇಕು, ಯಂತ್ರ ಓಡುವಾಗಲೆಲ್ಲ ಅದು ಸ್ವಸ್ಥಾನದಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಅಂದಿನಿಂದಲೇ ಹೇಳುತ್ತಿತ್ತು. ನಾವು ಮಾಡಿದ್ದರಲ್ಲಿ ಹೊಸದೇನೂ ಇಲ್ಲ.

ಹೊಸದೆನ್ನಬಹುದಾದದ್ದು ಒಂದು ನಿಯಮ. ಯಾವುದೇ ಪ್ರೆಸ್ ಎರಡು ಸಲ ಹೊಡೆಯಿತು ಎಂದು ಯಾರೇ ಹೇಳಲಿ, ಹೆಲ್ಪರೇ ಹೇಳಲಿ, ಹೇಳಿದವರೇ ಸ್ವಿಚ್ ಆರಿಸಿ ಕೆಂಪು ಚೀಟಿ ತೂಗುಹಾಕುತ್ತಾರೆ. ಕ್ಲಚ್ ಬಿಚ್ಚಿ ನೋಡಿ ಸಹಿ ಹಾಕದೆ ಚೀಟಿ ತೆಗೆಯುವಂತಿಲ್ಲ. ಕಾಲಿನ ತಪ್ಪೋ ಕೀಯ ತಪ್ಪೋ ಎಂಬ ಚರ್ಚೆ ಬಿಚ್ಚಿದ ಮೇಲೆ. ಚೀಟಿಯ ಮೇಲೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಸಿದೆವು. ಕನ್ನಡದ ಸಾಲನ್ನು ಬರೆದುಕೊಟ್ಟದ್ದು ಮುಕಾದಮ: “ಎರಡ್ ಸಲ ಬಡದೇತಿ. ಮುಟ್ಟಬ್ಯಾಡ್ರಿ.”

ಮುಂದೆ ಆದದ್ದು

ಹೊಸ ಜಾಳಿ ಬಂದ ಮೊದಲ ತಿಂಗಳು ಪಾಳಿಯ ಮಾಲು 4,000ದಿಂದ 3,100ಕ್ಕೆ ಇಳಿಯಿತು. ಹಳಿಯ ಇಳಿಜಾರು ಎರಡು ಸಲ ತಿದ್ದಿದ ಮೇಲೆ 3,800ಕ್ಕೆ ಬಂದು ನಿಂತಿತು. ಏಳು ತಿಂಗಳಲ್ಲಿ ಕೆಂಪು ಚೀಟಿ ನಾಲ್ಕು ಸಲ ತೂಗಿತು. ಬಿಚ್ಚಿ ನೋಡಿದಾಗ ಎರಡು ಸಲ ಯಂತ್ರದಲ್ಲಿ ಏನೂ ದೋಷವಿರಲಿಲ್ಲ, ಕಾಲಿನದೇ ತಪ್ಪು. ಉಳಿದ ಎರಡರಲ್ಲಿ ಒಮ್ಮೆ ಬ್ರೇಕ್ ಸಡಿಲ, ಒಮ್ಮೆ ಸ್ಪ್ರಿಂಗಿನಲ್ಲಿ ಬಿರುಕು. ವ್ಯರ್ಥವಾದ ಎರಡು ಪಾಳಿಗಳ ಬಗ್ಗೆ ಮಾಲೀಕರು ಗೊಣಗಿದರು, ನಿಯಮವನ್ನು ಮಾತ್ರ ತೆಗೆಯಲಿಲ್ಲ.

ಬಸವರಾಜ ಅವರಿಗೆ ಮೊದಲ ಮೂರು ತಿಂಗಳು ಮೊಂಡು ತುದಿಗಳಲ್ಲಿ ಗಾಳಿ ತಾಗಿದರೂ ವಿದ್ಯುತ್ ಹೊಡೆದಂತೆ ಆಗುತ್ತಿತ್ತು, ಇಲ್ಲದ ಬೆರಳು ತುರಿಸುತ್ತಿತ್ತು. ಫಿಸಿಯೋಥೆರಪಿಯವರು ಒರಟು ವಸ್ತುಗಳಿಗೆ ಚರ್ಮವನ್ನು ರೂಢಿ ಮಾಡಿಸಲು ಅಕ್ಕಿಯ ಪಾತ್ರೆಯಲ್ಲಿ ಕೈ ಆಡಿಸಿ ಎಂದರು, ಅವರ ತಾಯಿ ಬಿಳಿಜೋಳದ ಬುಟ್ಟಿ ಇಟ್ಟುಕೊಟ್ಟರು. ತೋರುಬೆರಳು ಹೋದವರಲ್ಲಿ ಚಿವುಟಿ ಹಿಡಿಯುವ ಕೆಲಸವನ್ನು ನಡುಬೆರಳು ವಹಿಸಿಕೊಳ್ಳುತ್ತದೆ. ಇವರಿಗೆ ಅದರ ತುದಿಯೂ ಇಲ್ಲದ್ದರಿಂದ ಸಹಿ ಮಾಡುವುದನ್ನು ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಪೆನ್ನು ಹಿಡಿದು ಕಲಿತರು. ಮಾಲೀಕರು ಅಳತೆ ನೋಡುವ ಮೇಜಿನ ಕೆಲಸ ಕೊಟ್ಟರು, ಎರಡು ವಾರ ಬಂದರು. ಪ್ರೆಸ್ಸಿನ ಸದ್ದಿಗೆ ಮೈ ಬೆವರುತ್ತದೆಂದು ಬಿಟ್ಟರು. ಈಗ ಚಿಂಚವಾಡದ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾರೆ.

ಆ ಶೆಡ್ಡಿನಲ್ಲಿ ಮೂರನೆಯ ನಂಬರಿನದರ ಜೋಡಿಯಾದ ಇನ್ನೊಂದು ಪ್ರೆಸ್ ಇತ್ತು, ಅದೇ ವಯಸ್ಸಿನದು, ಅದೇ ಬಗೆಯ ಕ್ಲಚ್ಚಿನದು. ಅದನ್ನು ಒಡೆದು ಗುಜರಿಗೆ ಹಾಕಿ ಎಂದು ನಾನು ವರದಿಯಲ್ಲಿ ಬರೆದಿದ್ದೆ. ಕಳೆದ ಸಲ ಹೋದಾಗ ಅದರ ಜಾಗ ಖಾಲಿಯಿತ್ತು, ನೆಲದ ಮೇಲೆ ನಾಲ್ಕು ಬೋಲ್ಟಿನ ತೂತು ಉಳಿದಿದ್ದವು. ಓಡುವ ಸ್ಥಿತಿಯ ಯಂತ್ರವೆಂದು ದಲ್ಲಾಳಿಗೆ ಮಾರಿದ್ದರು. ಕ್ಲಚ್ ಬಿಚ್ಚಿ ನೋಡಿ ಕೊಟ್ಟಿರಾ ಎಂದು ಕೇಳಿದೆ. ಇಲ್ಲ ಎಂದರು. ಯಾವ ಊರಿಗೆ ಹೋಯಿತೆಂದು ಅವರಿಗೂ ಗೊತ್ತಿರಲಿಲ್ಲ.